ದಾಸ್ತಾನು ಇಡಲಾಗದ ಲೋಹಗಳು

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ರೋಗಿಗೆ ದಿನ ಗೊತ್ತು ಮಾಡುವುದು ಪೂರ್ತಿಯಾಗಿ ವೈದ್ಯರ ಕೈಯಲ್ಲಿರುವುದಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ "ಮುಂದಿನ ಗುರುವಾರ ಬನ್ನಿ, ಅವತ್ತು ಡೋಸ್ ಬರುತ್ತೆ" ಎಂದರೆ, ಆ ಗುರುವಾರ ನಿಗದಿಯಾದದ್ದು ಮುಂಬಯಿಯ ಟ್ರಾಂಬೆಯಲ್ಲೋ ಯುರೋಪಿನ ಯಾವುದೋ ಊರಲ್ಲೋ ಒಂದು ರಿಯಾಕ್ಟರ್‌ನಿಂದ ಲೋಹದ ಪುಡಿ ಹೊರಬಂದ ಹೊತ್ತಿನ ಲೆಕ್ಕದ ಮೇಲೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಲುಟೀಷಿಯಂ-177ರ ಒಂದು ಡೋಸ್, ವಿಕಿರಣಶೀಲತೆಯ ಅಳತೆಯಲ್ಲಿ, 7.4 ಗಿಗಾಬೆಕರೆಲ್. ತೂಕ ಹಾಕಿದರೆ ಅಷ್ಟು ಲುಟೀಷಿಯಂ-177 ಎರಡು ಮೈಕ್ರೋಗ್ರಾಂ ಕೂಡ ತೂಗದು. ಏಳು ದಿನ ತುಂಬುವ ಮೊದಲೇ ಅದರಲ್ಲಿ ಅರ್ಧ ಬೇರೆ ಧಾತುವಾಗಿ ಹೋಗಿರುತ್ತದೆ. ಇದನ್ನು ಗೋದಾಮಿನಲ್ಲಿಟ್ಟು ಬೇಕಾದಾಗ ತೆಗೆಯುವಂತಿಲ್ಲ, ಬೆಲೆ ಏರಲಿ ಎಂದು ಕೂಡಿಡುವಂತಿಲ್ಲ. ತಯಾರಿಸಿದ ವಾರದಲ್ಲೇ ಖರ್ಚಾಗಬೇಕು.

ಇಂಥ ಔಷಧಗಳ ಬಗ್ಗೆ ಬರುವ ಬರಹಗಳೆಲ್ಲ ಸಾಮಾನ್ಯವಾಗಿ ಆಸ್ಪತ್ರೆಯ ಒಳಗಿನ ಕತೆ ಹೇಳುತ್ತವೆ: ಸ್ಕ್ಯಾನ್‌ನಲ್ಲಿ ಏನು ಕಂಡಿತು, ಗಡ್ಡೆ ಎಷ್ಟು ಕುಗ್ಗಿತು. ಲೋಹ ಎಲ್ಲಿಂದ ಬಂತು, ಹೇಗೆ ಹುಟ್ಟಿತು ಎಂಬುದನ್ನು ಕೇಳುವವರು ಕಡಿಮೆ. ನನಗೆ ಕಾಣುವಂತೆ ಈ ಕ್ಷೇತ್ರದ ನಿಜವಾದ ಬಿಕ್ಕಟ್ಟುಗಳೆಲ್ಲ ಇರುವುದು ಅಲ್ಲೇ. ಒಂದೇ ಐಸೋಟೋಪ್, ಹುಟ್ಟಿದ ದಾರಿ ಬೇರೆಯಾದರೆ, ಕೈಗೆ ಸಿಗುವ ಔಷಧವೇ ಬೇರೆಯಾಗಿಬಿಡುತ್ತದೆ. ಅದರ ಶುದ್ಧತೆ, ಬೆಲೆ, ಅದು ಉಳಿಸಿಹೋಗುವ ಕಸ, ಎಲ್ಲವೂ ಬದಲಾಗುತ್ತವೆ. ಅಲ್ಲದೆ ಕೊರತೆ ಎಂದಾಗ ನಾವು ರಿಯಾಕ್ಟರ್‌ಗಳನ್ನು ಎಣಿಸುತ್ತೇವೆ. ಆದರೆ ಕೊರತೆ ಹೆಚ್ಚಾಗಿ ತಲೆಯೆತ್ತುವುದು ರಿಯಾಕ್ಟರ್‌ನ ಹಿಂದೆ ಮತ್ತು ಮುಂದೆ: ಒಳಗೆ ಹಾಕುವ ಕಚ್ಚಾ ಲೋಹದಲ್ಲಿ, ಹೊರಬಂದದ್ದನ್ನು ಶುದ್ಧ ಮಾಡುವ ರಸಾಯನ ವಿದ್ಯೆಯಲ್ಲಿ.

ಲೋಹಗಳೇ ಏಕೆ? ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್, ಪೆಟ್ ಸ್ಕ್ಯಾನಿನ ಫ್ಲೂರಿನ್ ಲೋಹಗಳಲ್ಲ, ಅವು ಈ ಮನೆಯ ಹಳಬರು. ಆದರೆ ಅಯೋಡಿನ್ ಥೈರಾಯ್ಡನ್ನು ತಾನಾಗಿಯೇ ಹುಡುಕಿಕೊಂಡು ಹೋಗುವಂತೆ ಲುಟೀಷಿಯಂಗೆ ದೇಹದಲ್ಲಿ ಸ್ವಂತ ವಿಳಾಸವೇನೂ ಇಲ್ಲ. ಹಾಗಾಗಿ ಕೀಲೇಟರ್ ಎಂಬ ಅಣುವಿನೊಳಗೆ ಲೋಹವನ್ನು ಬಿಗಿಯಾಗಿ ಕೂರಿಸಿ, ಆ ಕೀಲೇಟರಿನ ಇನ್ನೊಂದು ತುದಿಗೆ ಕ್ಯಾನ್ಸರ್ ಕೋಶವನ್ನು ಗುರುತಿಸುವ ಪೆಪ್ಟೈಡನ್ನೋ ಪ್ರತಿಕಾಯವನ್ನೋ ಜೋಡಿಸುತ್ತಾರೆ. ಡೋಟಾ ಎಂಬ ಕೀಲೇಟರ್ ಇವುಗಳಲ್ಲಿ ಹೆಚ್ಚು ಬಳಕೆಯದು. ಅನುಕೂಲವೇನೆಂದರೆ ವಾಹನ ಒಂದೇ ಇರಲಿ, ಸವಾರರನ್ನು ಬದಲಿಸಬಹುದು. ಅದೇ ಪೆಪ್ಟೈಡಿಗೆ ಗ್ಯಾಲಿಯಂ-68 ಕಟ್ಟಿದರೆ ರೋಗ ಎಲ್ಲೆಲ್ಲಿದೆ ಎಂಬ ಚಿತ್ರ ಸಿಗುತ್ತದೆ, ಲುಟೀಷಿಯಂ-177 ಕಟ್ಟಿದರೆ ಅದೇ ಜಾಗಕ್ಕೆ ಚಿಕಿತ್ಸೆ. ಷರತ್ತು ಒಂದೇ. ಕೀಲೇಟರಿಗೆ ಯಾವ ಪರಮಾಣು ವಿಕಿರಣಶೀಲ, ಯಾವುದು ಸಾದಾ ಎಂಬ ಭೇದ ಗೊತ್ತಾಗುವುದಿಲ್ಲ. ಸಾದಾ ಲುಟೀಷಿಯಂ ಬೆರೆತಿದ್ದರೆ ಅದೂ ಸೀಟು ಹಿಡಿಯುತ್ತದೆ. ಕಬ್ಬಿಣ, ಸತುವಿನ ಕಲ್ಮಶವಿದ್ದರೆ ಅವೂ ನುಗ್ಗುತ್ತವೆ. ಗಡ್ಡೆಯ ಮೇಲಿರುವ ಗ್ರಾಹಕಗಳ ಸಂಖ್ಯೆಗೂ ಮಿತಿ ಇರುವುದರಿಂದ ಖಾಲಿ ಸವಾರರು ಹೆಚ್ಚಾದಷ್ಟೂ ಚಿಕಿತ್ಸೆ ಸೊರಗುತ್ತದೆ. ಹುಟ್ಟಿನ ದಾರಿ ಮುಖ್ಯವಾಗುವುದು ಇಲ್ಲಿಂದ.

ಆ ದಾರಿಗಳು ಹೆಚ್ಚಿಲ್ಲ. ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್ ಉಣಿಸುವುದು, ಸೈಕ್ಲೋಟ್ರಾನ್‌ನಲ್ಲಿ ಪ್ರೋಟಾನ್ ಬಡಿಯುವುದು, ಯುರೇನಿಯಂ ಸೀಳಿದಾಗ ಬೀಳುವ ಚೂರುಗಳಿಂದ ಹೆಕ್ಕುವುದು, ಇಲ್ಲವೇ ನಿಧಾನವಾಗಿ ಕ್ಷಯಿಸುವ ತಾಯಿ ಧಾತುವೊಂದರಿಂದ ಅದರ ಮಗಳನ್ನು ಆಗಾಗ ತೆಗೆದುಕೊಳ್ಳುವುದು.

ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ವೈದ್ಯಕೀಯ ಐಸೋಟೋಪ್ ಟೆಕ್ನೀಷಿಯಂ-99ಎಂ. ನ್ಯೂಕ್ಲಿಯರ್ ಮೆಡಿಸಿನ್ ಪರೀಕ್ಷೆಗಳಲ್ಲಿ ಸುಮಾರು 80% ಇದರ ಮೇಲೆಯೇ ನಡೆಯುತ್ತವೆ. ಮೂಳೆ, ಹೃದಯ, ಮೂತ್ರಪಿಂಡ ಯಾವುದರ ಸ್ಕ್ಯಾನ್ ಇದ್ದರೂ ಇದೇ. ಈ ಧಾತು ಪತ್ತೆಯಾದದ್ದು ಅಂಚೆಯಲ್ಲಿ ಬಂದ ಗುಜರಿಯಿಂದ. 1937ರಲ್ಲಿ ಅಮೆರಿಕದ ಬರ್ಕ್ಲಿಯಿಂದ ಅರ್ನೆಸ್ಟ್ ಲಾರೆನ್ಸ್ ತಮ್ಮ ಸೈಕ್ಲೋಟ್ರಾನಿನ ಬಳಸಿ ಬಿಟ್ಟ ಮಾಲಿಬ್ಡಿನಂ ತಗಡನ್ನು ಇಟಲಿಯ ಪಲೆರ್ಮೊಗೆ ಕಳಿಸಿದರು. ಎಮಿಲಿಯೊ ಸೆಗ್ರೆ ಮತ್ತು ಕಾರ್ಲೊ ಪೆರ್ರಿಯೆ ಅದರೊಳಗೆ 43ನೆಯ ಧಾತುವನ್ನು ಗುರುತಿಸಿದರು. ಮೆಂಡಲೀವ್ ಪಟ್ಟಿಯಲ್ಲಿ ಅಷ್ಟು ವರ್ಷ ಖಾಲಿ ಉಳಿದಿದ್ದ ಮನೆ ಹೀಗೆ ತುಂಬಿತು. ಮರುವರ್ಷ ಸೆಗ್ರೆ ಬರ್ಕ್ಲಿಗೇ ಹೋಗಿ ಗ್ಲೆನ್ ಸೀಬೋರ್ಗ್ ಜೊತೆ 99ಎಂ ಎಂಬ ರೂಪವನ್ನು ಕಂಡರು. ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, 6 ಗಂಟೆ; ಹೊರಡುವ ಗಾಮಾ ಕಿರಣದ ಶಕ್ತಿ 140 ಕಿಲೋ ಎಲೆಕ್ಟ್ರಾನ್ ವೋಲ್ಟ್. ಚಿತ್ರ ತೆಗೆಯುವ ಕ್ಯಾಮೆರಾಗೆ ಹೇಳಿ ಮಾಡಿಸಿದ ಹಾಗೆ, ರೋಗಿಯ ಮೈಮೇಲೂ ಹೆಚ್ಚು ಭಾರವಿಲ್ಲ. ಆದರೆ 6 ಗಂಟೆಯ ಪದಾರ್ಥವನ್ನು ಊರೂರಿಗೆ ಒಯ್ಯುವುದು ಹೇಗೆ?

ಉತ್ತರ ಸಿಕ್ಕಿದ್ದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ಬ್ರೂಕ್‌ಹ್ಯಾವನ್ ಪ್ರಯೋಗಾಲಯದಲ್ಲಿ. ವಾಲ್ಟರ್ ಟಕರ್ ಮತ್ತು ಮಾರ್ಗರೆಟ್ ಗ್ರೀನ್ ಬೇರೇನನ್ನೋ ಶುದ್ಧ ಮಾಡುತ್ತಿದ್ದಾಗ ಮಾಲಿಬ್ಡಿನಂ-99ರಿಂದ ಟೆಕ್ನೀಷಿಯಂ ಸೋರಿ ಬರುವುದನ್ನು ಗಮನಿಸಿದರು. ತಾಯಿಯ ಅರ್ಧಾಯು 66 ಗಂಟೆ. ಅದನ್ನು ಅಲ್ಯುಮಿನಾ ತುಂಬಿದ ಸಣ್ಣ ಕೊಳವೆಗೆ ಅಂಟಿಸಿ, ದಿನಕ್ಕೊಮ್ಮೆ ಸಲೈನ್ ಹರಿಸಿದರೆ ಮಗಳು ಮಾತ್ರ ಕರಗಿ ಇಳಿಯುತ್ತಾಳೆ. ಇದನ್ನೇ ಜನರೇಟರ್ ಎನ್ನುವುದು. ಲ್ಯಾಬಿನವರ ಬಾಯಲ್ಲಿ ಅದು "ಹಸು", ಬೆಳಗಿನ ಕೆಲಸ "ಕರೆಯುವುದು". ಹಿಂದಿನ ದಿನ ಕರೆದಿದ್ದರೂ ಮಾರನೆಯ ಬೆಳಗ್ಗೆ ಕೆಚ್ಚಲು ಮತ್ತೆ ತುಂಬಿರುತ್ತದೆ, ವಾರ ಕಳೆದರೆ ಬತ್ತುತ್ತದೆ. ಇಷ್ಟು ಸರಳ ಉಪಾಯಕ್ಕೆ ಪೇಟೆಂಟ್ ಪಡೆಯುವ ಪ್ರಸ್ತಾಪ ಬಂದಾಗ, ಇದಕ್ಕೆ ಮಾರುಕಟ್ಟೆ ಇಲ್ಲವೆಂದು ಅಲ್ಲಿನ ಅಧಿಕಾರಿಗಳು ಕೈಬಿಟ್ಟರು. ಸರ್ಕಾರಿ ಕಚೇರಿಗಳ ದೂರದೃಷ್ಟಿ ಎಲ್ಲ ದೇಶದಲ್ಲೂ ಒಂದೇ ತೆರ.

ಈಗ ತಾಯಿಯ ಹುಟ್ಟಿಗೆ ಬರೋಣ. ಮಾಲಿಬ್ಡಿನಂ-99 ತಯಾರಿಸಲು ಮುಖ್ಯವಾಗಿ ಎರಡು ದಾರಿ. ಯುರೇನಿಯಂ-235 ಸೀಳಿದಾಗ ಬರುವ ಚೂರುಗಳಲ್ಲಿ ಸುಮಾರು 6% ಇದೇ ಆಗಿರುತ್ತದೆ. ಅದನ್ನು ಹೆಕ್ಕಿ ತೆಗೆದರೆ ಸಿಗುವುದು ಬಹಳ ತೀಕ್ಷ್ಣವಾದ ಮಾಲಿಬ್ಡಿನಂ. ಇನ್ನೊಂದು ದಾರಿಯಲ್ಲಿ ಸಾದಾ ಮಾಲಿಬ್ಡಿನಂ ಅನ್ನೇ ರಿಯಾಕ್ಟರಿಗೆ ಹಾಕುತ್ತಾರೆ. ಅದರಲ್ಲಿರುವ 98ರ ಪರಮಾಣುಗಳಲ್ಲಿ ಅಲ್ಲೊಂದು ಇಲ್ಲೊಂದು ನ್ಯೂಟ್ರಾನ್ ನುಂಗಿ 99 ಆಗುತ್ತದೆ. ಯುರೇನಿಯಂ ಗೊಡವೆಯಿಲ್ಲ, ಕಸವೂ ಕಡಿಮೆ. ಆದರೆ ವಿಕಿರಣಶೀಲ ಪರಮಾಣು ಸಾದಾ ಪರಮಾಣುಗಳ ಸಂತೆಯಲ್ಲಿ ಕಳೆದುಹೋಗಿರುತ್ತದೆ. ಗ್ರಾಂ ಲೆಕ್ಕದಲ್ಲಿ ಹೋಲಿಸಿದರೆ ವಿದಳನದ, ಅಂದರೆ ಯುರೇನಿಯಂ ಸೀಳಿ ಪಡೆದ, ಮಾಲಿಬ್ಡಿನಂ ಇದಕ್ಕಿಂತ ಸಾವಿರಪಟ್ಟು ಇಲ್ಲವೇ ಅದಕ್ಕೂ ಹೆಚ್ಚು ತೀಕ್ಷ್ಣ. ಸಾಮಾನ್ಯ ಕೊಳವೆಗೆ ಅಷ್ಟು ಲೋಹ ಹಿಡಿಸದು. ಭಾರತ ದಶಕಗಳ ಕಾಲ ಈ ಎರಡನೆಯ ದಾರಿಯಲ್ಲಿ ನಡೆಯಿತು. ಅದಕ್ಕಾಗಿ ನಮ್ಮವರು ಬೇರೆಯೇ ರಸಾಯನ ವಿದ್ಯೆ ಕಟ್ಟಬೇಕಾಯಿತು: ಮೀಥೈಲ್ ಈಥೈಲ್ ಕೀಟೋನ್ ದ್ರಾವಕದಿಂದ ಟೆಕ್ನೀಷಿಯಂ ಅನ್ನು ಹೀರಿ ತೆಗೆಯುವ ವಿಧಾನ, ಆಮೇಲೆ ಜಿರ್ಕೋನಿಯಂ ಮಾಲಿಬ್ಡೇಟ್ ಜೆಲ್ ತುಂಬಿದ ಜನರೇಟರ್. ಮುಂದುವರಿದ ದೇಶಗಳ ಆಸ್ಪತ್ರೆಗಳು ಈ ಗೊಡವೆಗೆ ಹೋಗಲಿಲ್ಲ. ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರ ಬಾರ್ಕ್ ಮತ್ತು ಐಸೋಟೋಪ್ ಮಾರಾಟ ನೋಡಿಕೊಳ್ಳುವ ಬ್ರಿಟ್ ಸಂಸ್ಥೆಯ ಈ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. ಬಳಸಲು ಸಲೀಸಾದ ವಿದಳನದ ಮಾಲಿಬ್ಡಿನಂ ಬಂದ ಮೇಲೆ ಆಸ್ಪತ್ರೆಗಳು ಅತ್ತ ವಾಲಿದವು, ಅದರ ಬಹುಪಾಲು ಆಮದು.

ಆಮದಿನ ಅಪಾಯ ಜಗತ್ತಿಗೆಲ್ಲ ಗೊತ್ತಾದದ್ದು 2009ರಲ್ಲಿ. ಕೆನಡಾದ ಚಾಕ್ ರಿವರ್‌ನ ಎನ್‌ಆರ್‌ಯು ರಿಯಾಕ್ಟರ್ 1957ರದ್ದು. ಅದರ ಬದಲಿಗೆಂದು ಮೇಪಲ್ ಹೆಸರಿನ ಎರಡು ಹೊಸ ರಿಯಾಕ್ಟರ್ ಕಟ್ಟಿದ್ದರು. ಶಕ್ತಿ ಏರಿದಾಗ ಅವು ಲೆಕ್ಕಕ್ಕೆ ವಿರುದ್ಧವಾಗಿ ವರ್ತಿಸಿದ್ದರಿಂದ 2008ರಲ್ಲಿ ಇಡೀ ಯೋಜನೆಗೆ ಎಳ್ಳುನೀರು ಬಿಟ್ಟರು. ಮರುವರ್ಷ ಮೇ ತಿಂಗಳಲ್ಲಿ ಹಳೆಯ ಎನ್‌ಆರ್‌ಯುನಲ್ಲಿ ಭಾರಜಲ ಸೋರತೊಡಗಿತು. ಅದು ಮತ್ತೆ ಚಾಲೂ ಆಗಲು 2010ರ ಆಗಸ್ಟ್ ಬಂತು. ನಡುವೆ, 2010ರ ಫೆಬ್ರುವರಿಯಲ್ಲಿ, ನೆದರ್‌ಲೆಂಡ್ಸ್‌ನ ಪೆಟ್ಟೆನ್ ರಿಯಾಕ್ಟರ್ ಕೂಡ ರಿಪೇರಿಗೆ ನಿಂತಿತು. ಈ ಎರಡೂ ಸೇರಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಮಾಲಿಬ್ಡಿನಂ ಕೊಡುತ್ತಿದ್ದವು. ಸ್ಕ್ಯಾನ್‌ಗಳು ಮುಂದೆ ಹೋದವು, ಕೆಲವು ರದ್ದಾದವು. ಹತ್ತು ವರ್ಷದ ನಂತರ ಕೋವಿಡ್ ಲಾಕ್‌ಡೌನ್‌ನಲ್ಲಿ ವಿಮಾನಗಳು ನಿಂತಾಗ ಭಾರತದ ವಿಭಾಗಗಳಿಗೆ ಇದೇ ಪಾಠ ಇನ್ನೊಂದು ಬಗೆಯಲ್ಲಿ ಆಯಿತು. ರಿಯಾಕ್ಟರ್ ನಡೆಯುತ್ತಿದ್ದರೂ ವಿಮಾನ ಹಾರದಿದ್ದರೆ ಹಸು ಮನೆಗೆ ಬರುವುದಿಲ್ಲ.

2009ರ ಬಿಕ್ಕಟ್ಟಿನ ಬೇರು ಯಂತ್ರದಲ್ಲಿ ಇರಲಿಲ್ಲ, ಖಾತೆಪುಸ್ತಕದಲ್ಲಿ ಇತ್ತು. ರಿಯಾಕ್ಟರ್‌ಗಳನ್ನು ಕಟ್ಟಿದ್ದು ಸರ್ಕಾರಗಳು, ಸಂಶೋಧನೆಗೆಂದು. ಐಸೋಟೋಪ್ ಕಂಪನಿಗಳು ನ್ಯೂಟ್ರಾನಿಗೆ ಕೊಡುತ್ತಿದ್ದ ಬೆಲೆಯಲ್ಲಿ ರಿಯಾಕ್ಟರ್ ಕಟ್ಟಿದ ಖರ್ಚಾಗಲಿ, ಮುಂದೊಂದು ದಿನ ಅದನ್ನು ಕಳಚಿ ಸ್ವಚ್ಛ ಮಾಡುವ ಖರ್ಚಾಗಲಿ ಸೇರಿರಲಿಲ್ಲ. ಆಸ್ಪತ್ರೆಗೆ ಟೆಕ್ನೀಷಿಯಂ ಅಗ್ಗವಾಗಿ ಸಿಕ್ಕಿದ್ದು ತೆರಿಗೆದಾರರ ಹಣದಿಂದ. ಅಗ್ಗದ ಸರಕಿಗೆ ಹೊಸ ರಿಯಾಕ್ಟರ್ ಕಟ್ಟಲು ಯಾರೂ ಬರಲಿಲ್ಲ. ಒಇಸಿಡಿಯ ಪರಮಾಣು ಶಕ್ತಿ ಸಂಸ್ಥೆ ಈ ಬಗ್ಗೆ ತಜ್ಞರ ಗುಂಪು ಕೂರಿಸಿ, ಪೂರ್ತಿ ವೆಚ್ಚ ವಸೂಲಾಗುವಂತೆ ಬೆಲೆ ಏರಬೇಕೆಂದು ಶಿಫಾರಸು ಮಾಡಿತು. ಬೆಲೆ ಅಷ್ಟು ಸಲೀಸಾಗಿ ಏರಲಿಲ್ಲ. ಅಮೆರಿಕದ ನಾರ್ತ್‌ಸ್ಟಾರ್ ಎಂಬ ಕಂಪನಿ ಯುರೇನಿಯಂ ಇಲ್ಲದ, ಅಂದರೆ ನಮ್ಮವರು ಬಹಳ ಹಿಂದೆಯೇ ಹಿಡಿದಿದ್ದ ದಾರಿಯಲ್ಲೇ ಮಾಲಿಬ್ಡಿನಂ ತಯಾರಿಸಿ 2018ರಲ್ಲಿ ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎಯ ಒಪ್ಪಿಗೆ ಪಡೆಯಿತು. 2023ರಲ್ಲಿ ವ್ಯಾಪಾರ ಗಿಟ್ಟದೆ ಅದನ್ನು ನಿಲ್ಲಿಸಿತು. ಈ ನಡುವೆ ಆದ ಒಂದು ಒಳ್ಳೆಯ ಕೆಲಸವೆಂದರೆ, ಬಾಂಬಿಗೆ ಬಳಸಬಹುದಾದಷ್ಟು ಸಾಂದ್ರ ಯುರೇನಿಯಂ ಬಿಟ್ಟು ಕಡಿಮೆ ಸಾಂದ್ರತೆಯ ಯುರೇನಿಯಂನಿಂದಲೇ ಮಾಲಿಬ್ಡಿನಂ ತೆಗೆಯುವುದಕ್ಕೆ ದೊಡ್ಡ ಉತ್ಪಾದಕರೆಲ್ಲ 2023ರ ಹೊತ್ತಿಗೆ ಬದಲಾದದ್ದು.

ಮಾಲಿಬ್ಡಿನಂ ವ್ಯಾಪಾರದಲ್ಲಿ ಒಂದು ವಿಚಿತ್ರ ಅಳತೆಯಿದೆ, "ಆರು ದಿನದ ಕ್ಯೂರಿ". ಕಾರ್ಖಾನೆ ಬಿಟ್ಟ ಆರು ದಿನಕ್ಕೆ ಎಷ್ಟು ಉಳಿದಿರುತ್ತದೋ ಅಷ್ಟಕ್ಕೆ ದುಡ್ಡು. ಗಂಟೆಗೆ ಸುಮಾರು 1% ಸವೆಯುವ ಸರಕು ಇದು. ಒಂದು ಕ್ಯೂರಿಗೆ ಬೆಲೆ ಪಡೆಯಲು ನಾಲ್ಕೂವರೆ ಕ್ಯೂರಿ ಹೊರಗೆ ಕಳಿಸಬೇಕು.

ಲುಟೀಷಿಯಂನ ಕತೆ ಇನ್ನೂ ಹೊಸದು, ನನ್ನ ದೃಷ್ಟಿಯಲ್ಲಿ ಹೆಚ್ಚು ಕಲಿಸುವಂಥದು. 2021ರಲ್ಲಿ ಪ್ರಕಟವಾದ ವಿಷನ್ ಪ್ರಯೋಗದಲ್ಲಿ ಬೇರೆ ಚಿಕಿತ್ಸೆಗಳಿಗೆ ಬಗ್ಗದ ಪ್ರಾಸ್ಟೇಟ್ ಕ್ಯಾನ್ಸರಿನ 831 ಗಂಡಸರಿದ್ದರು. ವಾಡಿಕೆಯ ಚಿಕಿತ್ಸೆಯ ಜೊತೆ ಲುಟೀಷಿಯಂ ಪಡೆದವರ ಬದುಕಿನ ಮಧ್ಯಾಂಕ 15.3 ತಿಂಗಳು, ಪಡೆಯದವರದ್ದು 11.3. ನಾಲ್ಕು ತಿಂಗಳು ದೊಡ್ಡದೋ ಚಿಕ್ಕದೋ ಎಂಬುದನ್ನು ಆ ಮನೆಗಳವರೇ ಹೇಳಬೇಕು. ಮರುವರ್ಷ ಪ್ಲುವಿಕ್ಟೊ ಎಂಬ ಹೆಸರಿನಲ್ಲಿ ಎಫ್‌ಡಿಎ ಒಪ್ಪಿಗೆ ಬಂತು, ಅದರ ಬೆನ್ನಿಗೇ ಕೊರತೆಯೂ ಬಂತು. ತಯಾರಕ ನೊವಾರ್ಟಿಸ್‌ನ ಕಾರ್ಖಾನೆಗಳು ಬೇಡಿಕೆಯ ಓಟಕ್ಕೆ ಹೆಜ್ಜೆ ಹಾಕಲಾಗದೆ 2023ರಲ್ಲಿ ಹೊಸ ರೋಗಿಗಳು ಕಾಯಬೇಕಾಯಿತು.

ಲುಟೀಷಿಯಂ-177ಕ್ಕೂ ಎರಡು ಹುಟ್ಟು. ನೇರದಾರಿಯಲ್ಲಿ ಲುಟೀಷಿಯಂ-176ಕ್ಕೆ ನ್ಯೂಟ್ರಾನ್ ಉಣಿಸುತ್ತಾರೆ. ಪ್ರಕೃತಿಯಲ್ಲಿ ಸಿಗುವ ಲುಟೀಷಿಯಂನಲ್ಲಿ 176ರ ಪಾಲು 2.6% ಮಾತ್ರ, ಆದ್ದರಿಂದ ಮೊದಲು ಅದನ್ನು ಸಾಂದ್ರಗೊಳಿಸಬೇಕು. ಒಳ್ಳೆಯ ಸುದ್ದಿಯೆಂದರೆ 176 ನ್ಯೂಟ್ರಾನಿಗೆ ಹಸಿದ ಪರಮಾಣು. ಸಾಧಾರಣ ಶಕ್ತಿಯ ರಿಯಾಕ್ಟರಿನಲ್ಲೂ ಕೈತುಂಬ ಫಸಲು ಬರುತ್ತದೆ. ಕೆಟ್ಟ ಸುದ್ದಿ, ಹಾಕಿದ 176ರಲ್ಲಿ ಬಹುಪಾಲು ಹಾಗೆಯೇ ಉಳಿದು, ತಯಾರಾದ 177ರಿಂದ ಅದನ್ನು ಬೇರ್ಪಡಿಸಲು ಯಾವ ರಸಾಯನ ವಿದ್ಯೆಗೂ ಸಾಧ್ಯವಿಲ್ಲ. ಒಂದೇ ಧಾತುವಲ್ಲವೇ? ಕೊನೆಗೆ ಕೀಲೇಟರಿನೊಳಗೆ ಕೂರುವ ಪರಮಾಣುಗಳಲ್ಲಿ ಕೆಲಸ ಮಾಡುವುದು ಕಾಲುಭಾಗದ ಆಸುಪಾಸು. ಜೊತೆಗೆ 177ಎಂ ಎಂಬ 160 ದಿನ ಅರ್ಧಾಯುವಿನ ದಾಯಾದಿಯೂ ಅಲ್ಪ ಪ್ರಮಾಣದಲ್ಲಿ ಹುಟ್ಟುತ್ತದೆ. ರೋಗಿಗೆ ಅದರಿಂದ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಆಸ್ಪತ್ರೆಯ ತ್ಯಾಜ್ಯದ ಟ್ಯಾಂಕಿಗೆ ತೊಂದರೆ.

ಬಳಸುದಾರಿ ಇಟರ್ಬಿಯಂ-176ರದ್ದು. ಅದು ನ್ಯೂಟ್ರಾನ್ ನುಂಗಿ ಇಟರ್ಬಿಯಂ-177 ಆಗುತ್ತದೆ, ಎರಡು ಗಂಟೆಯೊಳಗಿನ ಅರ್ಧಾಯುವಿನಲ್ಲಿ ಅದು ಲುಟೀಷಿಯಂ-177 ಆಗಿ ಮಾರ್ಪಡುತ್ತದೆ. ಇಲ್ಲಿ ತಾಯಿ ಒಂದು ಧಾತು, ಮಗಳು ಇನ್ನೊಂದು. ಹಾಗಾಗಿ ಬೇರ್ಪಡಿಸಬಹುದು, ಬೇರ್ಪಡಿಸಿದರೆ ಸಿಗುವುದು ಅಪ್ಪಟ 177. ಹೇಳಿದಷ್ಟು ಸುಲಭವಲ್ಲ. ಇಟರ್ಬಿಯಂ ಮತ್ತು ಲುಟೀಷಿಯಂ ಲ್ಯಾಂಥನೈಡ್ ಸಾಲಿನಲ್ಲಿ ಅಕ್ಕಪಕ್ಕದ ಮನೆಯವು, ನಡೆನುಡಿಯಲ್ಲಿ ಅವಳಿಗಳ ಹಾಗೆ. ಫಸಲೂ ತೀರ ಕಡಿಮೆ, ಏಕೆಂದರೆ ಇಟರ್ಬಿಯಂಗೆ ನ್ಯೂಟ್ರಾನಿನ ಹಸಿವು ಲುಟೀಷಿಯಂನದ್ದರ ನೂರನೆಯ ಒಂದು ಪಾಲೂ ಇಲ್ಲ. ಗ್ರಾಂಗಟ್ಟಲೆ ಇಟರ್ಬಿಯಂನಿಂದ ಮಿಲಿಗ್ರಾಂಗಿಂತ ಕಡಿಮೆ ಲುಟೀಷಿಯಂ ಅನ್ನು, ಅದೂ ಸೀಸದ ಗೋಡೆಗಳ ಹಾಟ್ ಸೆಲ್‌ನೊಳಗೆ ಯಂತ್ರದ ಕೈಗಳಿಂದ, ಕ್ಷಯ ನಿಲ್ಲದ ಕಾಲದೊಡನೆ ಪೈಪೋಟಿ ನಡೆಸುತ್ತ ಬಿಡಿಸಬೇಕು. ಕಸುಬುದಾರಿಕೆ ಇರುವುದು ಇಲ್ಲಿ. ಜಗತ್ತಿನ ದೊಡ್ಡ ಔಷಧ ಕಂಪನಿಗಳು ಈ ಬಳಸುದಾರಿಯತ್ತ ವಾಲುತ್ತಿವೆ.

ಹಾಗಾದರೆ ಸಾಂದ್ರಗೊಳಿಸಿದ ಇಟರ್ಬಿಯಂ-176 ಎಲ್ಲಿಂದ ಬರುತ್ತದೆ? ಬಹುಕಾಲ ಉತ್ತರ ಒಂದೇ ಇತ್ತು: ರಷ್ಯಾ. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಬಾಂಬ್ ಯೋಜನೆಗೆ ಕಟ್ಟಿದ್ದ ಕ್ಯಾಲುಟ್ರಾನ್ ಎಂಬ ದೈತ್ಯ ಕಾಂತಗಳು ಓಕ್ ರಿಡ್ಜ್‌ನಲ್ಲಿ ಯುದ್ಧಾನಂತರ ಇಂಥ ಸ್ಥಿರ ಐಸೋಟೋಪ್‌ಗಳನ್ನು ಬೇರ್ಪಡಿಸುವ ಕೆಲಸ ಮಾಡುತ್ತಿದ್ದವು. 1998ರಲ್ಲಿ ಅವನ್ನು ನಿಲ್ಲಿಸಿದರು. ರಷ್ಯಾದಿಂದ ಅಗ್ಗವಾಗಿ ಸಿಗುತ್ತಿದ್ದಾಗ ಹಳೆಯ ಯಂತ್ರ ಏಕೆ ಸಾಕಬೇಕು ಎಂಬ ಲೆಕ್ಕ. ಉಕ್ರೇನ್ ಯುದ್ಧ ಶುರುವಾದ ಮೇಲೆ ಆ ಲೆಕ್ಕ ತಲೆಕೆಳಗಾಯಿತು, ಈಗ ಅಮೆರಿಕದಲ್ಲಿ ಹೊಸ ಬೇರ್ಪಡಿಕೆ ಘಟಕಗಳಿಗೆ ಓಡಾಟ ನಡೆದಿದೆ. ಕ್ಯಾನ್ಸರ್ ವಾರ್ಡಿನ ಭವಿಷ್ಯ ಯುರಲ್ ಪರ್ವತದ ಒಂದು ಕಾರ್ಖಾನೆಯ ಮೇಲೆ ನಿಂತಿದ್ದುದು ರೋಗಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಭಾರತ ನೇರದಾರಿಯ ದೇಶ. ಟ್ರಾಂಬೆಯ ಧ್ರುವ ರಿಯಾಕ್ಟರ್ 1985ರದ್ದು, 100 ಮೆಗಾವಾಟ್. ಅಲ್ಲಿಂದ ಬರುವ ಲುಟೀಷಿಯಂ ದೇಶದ ಆಸ್ಪತ್ರೆಗಳಿಗೆ ಹೋಗುತ್ತದೆ. ಅಮೆರಿಕದಲ್ಲಿ ಪ್ಲುವಿಕ್ಟೊದ ಒಂದು ಡೋಸಿಗೆ ಮೊದಲು ಪ್ರಕಟಿಸಿದ ಬೆಲೆ 42,500 ಡಾಲರ್. ಆರು ಡೋಸ್‌ವರೆಗೆ ಬೇಕಾಗಬಹುದು. ನಮ್ಮಲ್ಲಿ ಈ ಚಿಕಿತ್ಸೆ ಮಧ್ಯಮವರ್ಗದವರೂ ಸಾಲಸೋಲ ಮಾಡಿಯಾದರೂ ಯೋಚಿಸಬಹುದಾದ ಮಟ್ಟದಲ್ಲಿದೆ ಎಂದರೆ ಅದರ ಹಿಂದೆ ಈ ನೇರದಾರಿಯಿದೆ. ಹಾಗಾಗಿ 'ಕ್ಯಾರಿಯರ್ ಇಲ್ಲದ', ಅಂದರೆ ಬಳಸುದಾರಿಯ ಅಪ್ಪಟ, ಲುಟೀಷಿಯಂ ಬಂತು, ಹಳೆಯದನ್ನು ಬಿಡಿ ಎಂಬ ವಾದ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕಾಲುಭಾಗ ಕೆಲಸ ಮಾಡುವ ಲುಟೀಷಿಯಂನಿಂದಲೂ ಚಿಕಿತ್ಸೆ ಆಗುತ್ತದೆ. ಕೈಗೆಟುಕದ ಅಪ್ಪಟ ಲುಟೀಷಿಯಂನಿಂದ ಆಗುವುದಿಲ್ಲ. ನಮ್ಮ ದುರ್ಬಲತೆ ಬೇರೆ ಕಡೆಯಿದೆ. 2010ರ ಕೊನೆಗೆ ಸೈರಸ್ ರಿಯಾಕ್ಟರ್ ಶಾಶ್ವತವಾಗಿ ಮುಚ್ಚಿದ ಮೇಲೆ ಹೊರೆಯೆಲ್ಲ ಧ್ರುವದ ಮೇಲೆ ಬಿತ್ತು. 2018ರಲ್ಲಿ ಬಂದ ಅಪ್ಸರಾ-ಯು ಜೊತೆಗೂಡಿದೆಯಾದರೂ ಅದು 2 ಮೆಗಾವಾಟಿನ ಪುಟ್ಟದು.

ಇಲ್ಲಿ ಕೆನಡಾದವರು ಹೊಸದೊಂದು ಹಾದಿ ತೋರಿಸಿದ್ದಾರೆ. ಸಂಶೋಧನೆಯ ರಿಯಾಕ್ಟರ್ ಬಿಟ್ಟು ವಿದ್ಯುತ್ ತಯಾರಿಸುವ ರಿಯಾಕ್ಟರಿನಲ್ಲೇ ಲುಟೀಷಿಯಂ ಬೆಳೆಯುವುದು. ಒಂಟಾರಿಯೊದ ಬ್ರೂಸ್ ಸ್ಥಾವರದ 7ನೆಯ ಘಟಕದಲ್ಲಿ 2022ರಿಂದ ಈ ಕೆಲಸ ನಡೆದಿದೆ. ಕರೆಂಟು ನಿಲ್ಲಿಸದೆ ಇಟರ್ಬಿಯಂ ಗುಳಿಗೆಗಳನ್ನು ಒಳಗೆ ಹಾಕಿ ಹೊರಗೆ ತೆಗೆಯುವ ಏರ್ಪಾಡಿದೆ. ಗಳಿಕೆಯಲ್ಲಿ ಆ ನೆಲದ ಮೂಲನಿವಾಸಿ ಸಮುದಾಯಕ್ಕೂ ಪಾಲಿದೆ. ಅವು ಭಾರಜಲದ ರಿಯಾಕ್ಟರ್‌ಗಳು, ನಮ್ಮ ಕೈಗಾದ ನಾಲ್ಕು ಘಟಕಗಳ ಕುಲದವೇ. ಕೈಗಾದ ಮೊದಲ ಘಟಕ 962 ದಿನ ಬಿಡುವಿಲ್ಲದೆ ನಡೆದು 2018ರ ಡಿಸೆಂಬರ್ 31ರಂದು ನಿಂತಾಗ ಅದು ವಿಶ್ವದಾಖಲೆ. 2020ರಲ್ಲಿ ಅದನ್ನು ಮುರಿದದ್ದು ಒಂಟಾರಿಯೊದ ಇನ್ನೊಂದು ಸ್ಥಾವರ ಡಾರ್ಲಿಂಗ್ಟನ್. ಅಲ್ಲಿಯೂ ಈಗ ಮಾಲಿಬ್ಡಿನಂಗೆ ಉಪಕರಣ ಕೂರಿಸಿದ್ದಾರೆ. ನಮ್ಮಲ್ಲಿ ರಾಜಸ್ಥಾನದ ವಿದ್ಯುತ್ ಸ್ಥಾವರದಲ್ಲಿ ಕೋಬಾಲ್ಟ್-60 ತಯಾರಿಸುವ ಅಭ್ಯಾಸ ಹಳೆಯದು. ಆದರೆ ಕೋಬಾಲ್ಟಿನ ಅರ್ಧಾಯು ಐದು ವರ್ಷಕ್ಕೂ ಹೆಚ್ಚು, ಸ್ಥಾವರ ನಿಂತಾಗ ತೆಗೆದರೂ ನಡೆಯುತ್ತದೆ. ಲುಟೀಷಿಯಂಗೆ ವಾರವಾರದ ಕೊಯ್ಲು ಬೇಕು. ಕೈಗಾದಂಥ ಕಡೆ ಅದನ್ನು ಮಾಡಲು ಭೌತಶಾಸ್ತ್ರದ ಅಡ್ಡಿಯಿಲ್ಲ. ಬೇಕಾದ್ದು ಪೈಪು, ಪರವಾನಗಿ ಮತ್ತು ಕರೆಂಟು ಮಾರುವ ಸಂಸ್ಥೆಗೆ ಔಷಧದಲ್ಲಿ ಆಸಕ್ತಿ.

ಸೈಕ್ಲೋಟ್ರಾನಿನ ಲೋಹಗಳಿಗೆ ಬಂದರೆ ಕಷ್ಟಗಳು ಬೇರೆಯವು, ಕೆಲವು ತಮಾಷೆಯವು. ಗ್ಯಾಲಿಯಂ-68ರ ಅರ್ಧಾಯು 68 ನಿಮಿಷ. ಇದಕ್ಕೂ ಹಸುವಿದೆ: ಜರ್ಮೇನಿಯಂ-68, ಅರ್ಧಾಯು 271 ದಿನ, ಒಮ್ಮೆ ಕೊಂಡರೆ ವರ್ಷ ಪೂರ್ತಿ ಕರೆಯಬಹುದು. ಆ ಜರ್ಮೇನಿಯಂ ತಯಾರಿಸಲು ಗ್ಯಾಲಿಯಂ ಲೋಹದ ಮೇಲೆಯೇ ಪ್ರೋಟಾನ್ ಬಡಿಯಬೇಕು. ಗ್ಯಾಲಿಯಂ 30 ಡಿಗ್ರಿಗೆ ಕರಗುತ್ತದೆ, ಅಂದರೆ ರಾಯಚೂರಿನ ಬೇಸಿಗೆಯಲ್ಲಿ ಬಟ್ಟಲಲ್ಲಿಟ್ಟರೆ ನೀರಾಗುವ ಲೋಹ. ಅದರ ಮೇಲೆ ಕಿಲೋವಾಟುಗಟ್ಟಲೆ ಶಾಖದ ಕಿರಣಪುಂಜ! ಹಾಗಾಗಿ ನಿಕಲ್ ಬೆರೆಸಿ ಗಟ್ಟಿ ಮಾಡುತ್ತಾರೆ. ಇಂಥ ಜನರೇಟರ್ ದುಬಾರಿ, ಒಂದು ಸಲಕ್ಕೆ ಎರಡು ಮೂರು ರೋಗಿಗಳಿಗಷ್ಟೇ ಸಾಕಾಗುತ್ತದೆ. ಆಸ್ಪತ್ರೆಯಲ್ಲೇ ಸೈಕ್ಲೋಟ್ರಾನ್ ಇದ್ದರೆ ಸತು-68ರಿಂದ ಗ್ಯಾಲಿಯಂ-68 ಅನ್ನು ನೇರ ತಯಾರಿಸಬಹುದು, ಹೆಚ್ಚು ಸಿಗುತ್ತದೆ. ಆದರೆ ಪ್ರೋಟಾನಿನ ಶಕ್ತಿಯ ಮೇಲೆ ಬಿಗಿಹಿಡಿತ ಬೇಕು. ತುಸು ಹೆಚ್ಚಾದರೆ ಮೂರು ದಿನಕ್ಕೂ ಮಿಕ್ಕಿದ ಅರ್ಧಾಯುವಿನ ಗ್ಯಾಲಿಯಂ-67 ಜೊತೆಗೇ ಹುಟ್ಟುತ್ತದೆ, ಅದನ್ನು ಆಮೇಲೆ ಬೇರ್ಪಡಿಸಲಾಗದು. ಜಿರ್ಕೋನಿಯಂ-89 ಇವೆಲ್ಲಕ್ಕಿಂತ ಸಾಧು. ಅದರ ಕಚ್ಚಾ ಲೋಹ ಇಟ್ರಿಯಂನಲ್ಲಿ ಪ್ರಕೃತಿ ಒಂದೇ ಐಸೋಟೋಪ್ ಇಟ್ಟಿದೆ, ಸಾಂದ್ರಗೊಳಿಸುವ ರಗಳೆಯೇ ಇಲ್ಲ. ತಾಮ್ರ-64ಕ್ಕೆ ಬೇಕಾದ ನಿಕಲ್-64 ಪ್ರಕೃತಿಯ ನಿಕಲ್‌ನಲ್ಲಿ 1% ಕೂಡ ಇಲ್ಲ. ಅದನ್ನು ಚಿನ್ನದ ತಟ್ಟೆಯ ಮೇಲೆ ಲೇಪಿಸಿ, ಪ್ರೋಟಾನ್ ಬಡಿದು, ತಾಮ್ರ ತೆಗೆದ ಮೇಲೆ ಉಳಿದ ನಿಕಲ್ ಅನ್ನು ಒಂದು ಹನಿಯೂ ಪೋಲಾಗದಂತೆ ಹಿಂಪಡೆದು ಮತ್ತೆ ಲೇಪಿಸುತ್ತಾರೆ. ಆ ಕೋಣೆಯಲ್ಲಿ ಚಿನ್ನಕ್ಕಿಂತ ನಿಕಲ್‌ಗೆ ಹೆಚ್ಚು ಕಾವಲು.

ಭಾರತದಲ್ಲಿ ಬಹುತೇಕ ಆಸ್ಪತ್ರೆ ಸೈಕ್ಲೋಟ್ರಾನ್‌ಗಳು ಇರುವುದು ಫ್ಲೂರಿನ್-18ಕ್ಕಾಗಿ, ಅವುಗಳ ಶಕ್ತಿಯೂ ಅಷ್ಟಕ್ಕೇ. ಲೋಹಗಳಿಗೆಂದೇ ಹೇಳಬಹುದಾದ ದೊಡ್ಡದು ಕೋಲ್ಕತ್ತದ ಸೈಕ್ಲೋನ್-30, 30 ಮೆಗಾ ಎಲೆಕ್ಟ್ರಾನ್ ವೋಲ್ಟಿನದು, 2018ರಲ್ಲಿ ಚಾಲೂ ಆಯಿತು. ಗ್ಯಾಲಿಯಂ, ಥ್ಯಾಲಿಯಂ ಅಲ್ಲಿಯವು. ಇಷ್ಟು ದೊಡ್ಡ ದೇಶಕ್ಕೆ ಅಂಥದು ಒಂದೇ ಎಂಬುದು ಬೆರಗಿನ ಸಂಗತಿ.

ಟರ್ಬಿಯಂ ಬಗ್ಗೆ ಒಂದೆರಡು ಮಾತು ಸಾಕು. ಅದರ ನಾಲ್ಕು ಐಸೋಟೋಪ್‌ಗಳಲ್ಲಿ ಎರಡು ಚಿತ್ರಕ್ಕೆ, ಎರಡು ಚಿಕಿತ್ಸೆಗೆ ಆಗುತ್ತವೆ. ಧಾತು ಒಂದೇ ಆದ್ದರಿಂದ ದೇಹದೊಳಗಿನ ನಡತೆಯೂ ಒಂದೇ. ಅವುಗಳಲ್ಲಿ ಟರ್ಬಿಯಂ-161 ಮಾತ್ರ ಗ್ಯಾಡೊಲಿನಿಯಂ-160ರಿಂದ ರಿಯಾಕ್ಟರಿನಲ್ಲಿ ಸಲೀಸಾಗಿ ತಯಾರಾಗುತ್ತದೆ, ಲುಟೀಷಿಯಂಗೆ ಕಟ್ಟಿದ ವ್ಯವಸ್ಥೆಯಲ್ಲೇ. ಉಳಿದವಕ್ಕೆ ಹೆಚ್ಚಾಗಿ ಯುರೋಪಿನ ಸರ್ನ್‌ನಂಥ ಕಡೆಯ ದೊಡ್ಡ ಯಂತ್ರಗಳು ಬೇಕಾಗುವಾಗ ಅವುಗಳ ಬಗೆಗಿನ ಉತ್ಸಾಹವನ್ನು ಸ್ವಲ್ಪ ತಗ್ಗಿಸಿಕೊಳ್ಳುವುದು ಲೇಸು.

ಈಗಿನ ನಿಜವಾದ ನೂಕುನುಗ್ಗಲು ಆಕ್ಟಿನಿಯಂ-225ರ ಸುತ್ತ. ಅದು ಕ್ಷಯಿಸುತ್ತ ಸಾಗುವಾಗ ಸಾಲಾಗಿ ನಾಲ್ಕು ಆಲ್ಫಾ ಕಣ ಬಿಡುತ್ತದೆ. ಆಲ್ಫಾ ಕಣ ಕೆಲವೇ ಕೋಶಗಳ ದೂರ ಸಾಗಿ, ಸಾಗಿದಷ್ಟು ದಾರಿಯನ್ನು ಚಿಂದಿ ಮಾಡುತ್ತದೆ. 2016ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ತಂಡ ಪ್ರಕಟಿಸಿದ ಇಬ್ಬರು ರೋಗಿಗಳ ಸ್ಕ್ಯಾನ್ ಚಿತ್ರಗಳು ಈ ಕ್ಷೇತ್ರದವರನ್ನೆಲ್ಲ ಎಬ್ಬಿಸಿ ಕೂರಿಸಿದವು: ಮೈತುಂಬ ಹರಡಿದ ಕಪ್ಪು ಚುಕ್ಕೆಗಳು ಚಿಕಿತ್ಸೆಯ ನಂತರ ಕಾಣೆ. ಬಾಯಿ ಒಣಗುವ ಬಾಧೆ ಜೊತೆಗೆ ಬಂತು, ಅದು ಸಣ್ಣದೇನಲ್ಲ. ದೆಹಲಿಯ ಏಮ್ಸ್ ಈ ಲೋಹದ ಚಿಕಿತ್ಸೆಯಲ್ಲಿ ಜಗತ್ತೇ ಗಮನಿಸುವಷ್ಟು ಅನುಭವ ಗಳಿಸಿದೆ. ಆದರೆ ಸರಕು? ಬಹುಕಾಲ ಇಡೀ ಜಗತ್ತಿನ ವಾರ್ಷಿಕ ಪೂರೈಕೆ ಓಕ್ ರಿಡ್ಜ್, ಜರ್ಮನಿಯ ಕಾರ್ಲ್ಸ್‌ರೂಹ, ರಷ್ಯಾದ ಒಬ್ನಿನ್ಸ್ಕ್ ಮೂರೂ ಸೇರಿ ಸುಮಾರು 63 ಗಿಗಾಬೆಕರೆಲ್. ಲೋಹದ ತೂಕದಲ್ಲಿ ಅದು 30 ಮೈಕ್ರೋಗ್ರಾಂ. 2024ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು ಆಕ್ಟಿನಿಯಂ ಸಾಲದೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ಈ ಆಕ್ಟಿನಿಯಂನ ಮುತ್ತಜ್ಜಿ ಯುರೇನಿಯಂ-233. ಅದು ಥೋರಿಯಂನಿಂದ ರಿಯಾಕ್ಟರಿನಲ್ಲಿ ಹುಟ್ಟುತ್ತದೆ; ಲಕ್ಷಾಂತರ ವರ್ಷಗಳ ನಿಧಾನದಲ್ಲಿ ಥೋರಿಯಂ-229 ಆಗುತ್ತದೆ, ಅದರಿಂದ ರೇಡಿಯಂ-225, ಆಮೇಲೆ ಆಕ್ಟಿನಿಯಂ. ಥೋರಿಯಂ ಎಂದ ಕೂಡಲೇ ನಮ್ಮವರ ಕಿವಿ ನೆಟ್ಟಗಾಗುತ್ತದೆ. ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮರಳಿನಲ್ಲಿ ಅದು ಹೇರಳ. ಕಲ್ಪಾಕ್ಕಂನಲ್ಲಿ 1996ರಿಂದ ಇರುವ 30 ಕಿಲೋವಾಟಿನ ಕಾಮಿನಿ ರಿಯಾಕ್ಟರ್ ಯುರೇನಿಯಂ-233ರ ಇಂಧನದಿಂದಲೇ ನಡೆಯುವಂಥದು. ಹಾಗಾದರೆ ಆಕ್ಟಿನಿಯಂನಲ್ಲಿ ನಾವೇ ರಾಜರಲ್ಲವೇ? ಲೆಕ್ಕ ಹಾಕಿ ನೋಡಿದರೆ ಉತ್ಸಾಹ ಇಳಿಯುತ್ತದೆ. ಒಂದು ಕಿಲೋ ಯುರೇನಿಯಂ-233 ಅನ್ನು ಒಂದು ವರ್ಷ ಸುಮ್ಮನೆ ಇಟ್ಟರೆ ಅದರಲ್ಲಿ ಹುಟ್ಟುವ ಥೋರಿಯಂ-229 ಸುಮಾರು 4 ಮಿಲಿಗ್ರಾಂ. ಅಷ್ಟರಿಂದ ಪ್ರತಿ ಸಲ ಸಿಗುವ ಆಕ್ಟಿನಿಯಂ ಹೆಚ್ಚೆಂದರೆ ನಾಲ್ಕು ರೋಗಿಗಳ ಒಂದೊಂದು ಡೋಸಿಗೆ ಸಾಕು. ಮತ್ತೆ ಕೂಡಲು ವಾರಗಳು ಬೇಕು. ಇದು ದಶಕಗಳ ಹಿಂದೆ ರಾಶಿ ಹಾಕಿ ಮರೆತವರಿಗೆ ಒದಗುವ ಆಸ್ತಿ. ಓಕ್ ರಿಡ್ಜ್‌ನಲ್ಲಿ ಶೀತಲ ಸಮರದ ಕಾಲದ ಯುರೇನಿಯಂ-233 ಅನ್ನು ಕಸವೆಂದು ವಿಲೇವಾರಿ ಮಾಡುವ ಕೆಲಸ ನಡೆದಿದ್ದಾಗ, ಎಸೆಯುವ ಮೊದಲು ಅದರಲ್ಲಿನ ಥೋರಿಯಂ-229 ಹೆಕ್ಕೋಣ ಎಂದು ಬಿಲ್ ಗೇಟ್ಸ್ ಸ್ಥಾಪಕರಲ್ಲೊಬ್ಬರಾದ ಟೆರಾಪವರ್ ಮುಂದೆ ಬಂತು. ನಮ್ಮಲ್ಲಿ ಅಂಥ ಹಳೆಯ ರಾಶಿ ಇಲ್ಲ. ಥೋರಿಯಂ ಮರಳು ಎಷ್ಟಿದ್ದರೂ ಈ ಕೊರತೆ ನೀಗದು.

ಬೇರೆ ದಾರಿಗಳಿಗೂ ಮುಳ್ಳುಗಳಿವೆ. ಸಾದಾ ಥೋರಿಯಂ ಮೇಲೆ ಭಾರಿ ಶಕ್ತಿಯ ಪ್ರೋಟಾನ್ ಬಡಿದರೆ ಆಕ್ಟಿನಿಯಂ ಧಾರಾಳ ಸಿಗುತ್ತದೆ, ಜೊತೆಗೆ 22 ವರ್ಷ ಅರ್ಧಾಯುವಿನ ಆಕ್ಟಿನಿಯಂ-227 ಕೂಡ ಬೆರೆತು ಬರುತ್ತದೆ, ಅಲ್ಪವೇ ಆದರೂ ಆಸ್ಪತ್ರೆಯ ಚರಂಡಿಗೆ ಬಿಡುವಂಥದಲ್ಲ. ರೇಡಿಯಂ-226ರ ಮೇಲೆ ಸಾಧಾರಣ ಸೈಕ್ಲೋಟ್ರಾನಿನಿಂದ ಪ್ರೋಟಾನ್ ಬಡಿದರೆ ಶುದ್ಧ ಆಕ್ಟಿನಿಯಂ-225 ಸಿಗುತ್ತದೆ. ಆದರೆ ರೇಡಿಯಂ ರೇಡಾನ್ ಅನಿಲ ಬಿಡುವ, ಕೈಗೆತ್ತಿಕೊಳ್ಳಲು ಎಲ್ಲರೂ ಹೆದರುವ ವಸ್ತು. ಹೊಸದಾಗಿ ಯಾರೂ ತಯಾರಿಸುವುದೂ ಇಲ್ಲ. ಹಿಂದೊಮ್ಮೆ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಗಡ್ಡೆಗೆ ಚುಚ್ಚುತ್ತಿದ್ದ ರೇಡಿಯಂ ಸೂಜಿಗಳು ಜಗತ್ತಿನ ಕಬ್ಬಿಣದ ಪೆಟ್ಟಿಗೆಗಳಲ್ಲಿ ಕಸವಾಗಿ ಕೂತಿವೆ. ಅವುಗಳ ಯಜಮಾನರನ್ನೂ ಬೇಕಾದವರನ್ನೂ ಜೋಡಿಸಲು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2021ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿತು. ನನಗೆ ಹೆಚ್ಚು ಭರವಸೆ ಕಾಣುವುದು ಈ ದಾರಿಯಲ್ಲಿ, ಭಾರತದ ಮಟ್ಟಿಗೂ. ಇದಕ್ಕೆ ಬೇಕಾದ ಸೈಕ್ಲೋಟ್ರಾನ್ ಆಸ್ಪತ್ರೆಗಳಲ್ಲಿರುವ ಗಾತ್ರದ್ದೇ, ಬೇಕಾದ ಹೊಸದು ರೇಡಿಯಂ ನಿಭಾಯಿಸಬಲ್ಲ ಹಾಟ್ ಸೆಲ್ ಮತ್ತು ಅದರ ಮುಂದೆ ಕೂರುವ ಜನ.

ಆ ಜನದ ವಿಷಯಕ್ಕೆ ಬಂದಾಗಲೇ ನಮ್ಮ ಯೋಜನೆಗಳು ಮೌನವಾಗುತ್ತವೆ. ಲ್ಯಾಂಥನೈಡ್‌ಗಳನ್ನು ಒಂದರಿಂದೊಂದು ಬಿಡಿಸಬಲ್ಲ, ಸೀಸದ ಗೋಡೆಯಾಚೆ ಕೆಲಸ ಮಾಡಬಲ್ಲ ರೇಡಿಯೋಕೆಮಿಸ್ಟ್ ಸಿದ್ಧವಾಗಲು ವರ್ಷಗಳು ಹಿಡಿಯುತ್ತವೆ. ಟ್ರಾಂಬೆಯ ಹೊರಗೆ ಅದನ್ನು ಕೈಯಾರೆ ಕಲಿಸುವ ಜಾಗಗಳು ನಮ್ಮಲ್ಲಿ ತೀರ ಕಡಿಮೆ. ಕರ್ನಾಟಕದ ಆಸ್ಪತ್ರೆಗಳಲ್ಲಿ ಡೋಸ್ ಕೊಡಬಲ್ಲವರಿದ್ದಾರೆ, ಲೋಹ ತಯಾರಿಸಬಲ್ಲವರು ವಿರಳ. 2020ರ ಮೇ ತಿಂಗಳಲ್ಲಿ ಆತ್ಮನಿರ್ಭರ ಭಾರತದ ಪ್ಯಾಕೇಜಿನ ಭಾಗವಾಗಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ವೈದ್ಯಕೀಯ ಐಸೋಟೋಪ್‌ಗಳಿಗಾಗಿ ಸರ್ಕಾರಿ-ಖಾಸಗಿ ಸಹಭಾಗಿತ್ವದಲ್ಲಿ ಒಂದು ಸಂಶೋಧನಾ ರಿಯಾಕ್ಟರ್ ಕಟ್ಟುವುದಾಗಿ ಘೋಷಿಸಿದರು. ಆ ಘೋಷಣೆಯಲ್ಲಿ ಇಟರ್ಬಿಯಂ ಅಥವಾ ನಿಕಲ್ ಸಾಂದ್ರಗೊಳಿಸುವ ಘಟಕದ ಮಾತಿರಲಿಲ್ಲ.